ಗೃಹಸ್ಥರೂ ಟೇಬಲ್ ಟೆನಿಸ್ ಆಟವೂ

ನಮ್ಮ ನಾಡಿನ ಪಟ್ಟಣಗಳಲ್ಲಿ ಈಗ ಬಡಾವಣೆಗೊಂದು ಸಮುದಾಯ ಭವನವಿರುವುದು ಸಾಮಾನ್ಯವಾಗಿದೆ. ಅನೇಕ ಭವನಗಳಲ್ಲಿ ಮನೋರಂಜನೆಗೆಂದು ಒಂದು ಕೊಠಡಿಯೂ, ಆ ಕೊಠಡಿಯಲ್ಲಿ ಟೇಬಲ್ ಟೆನಿಸ್ ಆಟದ ಒಂದು ಮೇಜೂ ಉಂಟು. ಮೇಜನ್ನು ತರಿಸಿದ ವರ್ಷ ಅದರ ಮೇಲೆ ಚೆಂಡು ಪುಟಿಯುತ್ತದೆ. ಮರುವರ್ಷಕ್ಕೆ ಮಡಿಸಿದ ಜಮಖಾನೆಗಳೂ, ರಾಜ್ಯೋತ್ಸವದ ತೋರಣಗಳೂ, ಮದುವೆಯವರು ಬಿಟ್ಟುಹೋದ ತಟ್ಟೆಲೋಟಗಳೂ ಅದನ್ನೇರಿ ಕುಳಿತಿರುತ್ತವೆ. ಕಾರಣವೇನೆಂದು ಕೇಳಿದರೆ, ಜನರಿಗೆ ಆಸಕ್ತಿ ಸಾಲದೆಂಬ ಉತ್ತರವು ಕೂಡಲೇ ಸಿದ್ಧವಾಗಿರುವುದು. ಈ ಉತ್ತರವು ಸರಿಯೆಂದು ನಮಗೆ ತೋರುವುದಿಲ್ಲ. ಆಸಕ್ತಿಯುಳ್ಳವರು ಎಲ್ಲ ಬೀದಿಗಳಲ್ಲಿಯೂ ಇದ್ದಾರೆ. ಯಾವ ದಿನ ಯಾವ ಹೊತ್ತಿಗೆ ಬಂದರೆ ಜೊತೆಗಾರರು ಸಿಕ್ಕುವರೆಂಬುದು ತಿಳಿಯದೆ, ಎರಡು ಸಾರಿ ಬಂದು ಬಾಗಿಲಿನ ಬೀಗವನ್ನು ನೋಡಿ ಹಿಂದಿರುಗಿ, ಮೂರನೆಯ ಸಾರಿ ಅವರು ಬರುವುದನ್ನೇ ಬಿಟ್ಟಿರುತ್ತಾರೆ.

ನಮ್ಮ ಹಿರಿಯರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ವಿಂಗಡಿಸಿದರಷ್ಟೆ. ತಪ್ಪದೆ ಮಾಡತಕ್ಕದ್ದು ನಿತ್ಯ; ಗ್ರಹಣವೋ ಶಿಶುಜನನವೋ ಒಂದು ನಿಮಿತ್ತ ಒದಗಿದಾಗ ಮಾಡತಕ್ಕದ್ದು ನೈಮಿತ್ತಿಕ; ಫಲವೊಂದನ್ನು ಬಯಸಿ ಮಾಡುವುದು ಕಾಮ್ಯ. ನಮ್ಮ ಸಂಘಗಳಲ್ಲಿ ಆಟವು ಸಾಮಾನ್ಯವಾಗಿ ನೈಮಿತ್ತಿಕವಾಗಿರುತ್ತದೆ, ಇಲ್ಲವೆ ಕಾಮ್ಯವಾಗಿರುತ್ತದೆ: ಗಣರಾಜ್ಯೋತ್ಸವ ಬಂತೆಂದು ಒಂದು ದಿನ, ಬಹುಮಾನವಿಟ್ಟರೆಂದು ಒಂದು ವಾರ. ಆಟವು ನಿತ್ಯವಾಗುವ ತನಕ ಅದರಿಂದ ಬಡಾವಣೆಗೆ ದೊರಕತಕ್ಕ ನಿಜವಾದ ಲಾಭವು ದೊರಕದೆಂಬುದೇ ಈ ತಿಂಗಳು ನಾವು ವಾಚಕರೊಡನೆ ಹೇಳಬಯಸುವ ಮಾತು. ಮೈಸೂರಿನಲ್ಲಿ ನಾವಿರುವ ಬಡಾವಣೆಯಲ್ಲಿ ಇಂಥದೊಂದು ಗೋಷ್ಠಿಯು ಒಂದು ಸಾರಿ ಮುರಿದು, ಮತ್ತೊಂದು ಸಾರಿ ಕೂಡಿ, ಈಗ ನಡೆಯುತ್ತಿರುವುದರಿಂದ ಕಂಡದ್ದನ್ನೇ ಬರೆಯಲು ನಮಗೆ ಅನುಕೂಲವಾಗಿದೆ.

ಮೊದಲು ಈ ಆಟದ ಪೂರ್ವೋತ್ತರವನ್ನು ನಾಲ್ಕು ಮಾತಿನಲ್ಲಿ ಹೇಳುವೆವು. ಇದು ಗೃಹಸ್ಥರ ಆಟವಾಗಿಯೇ ಹುಟ್ಟಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ರಾತ್ರಿಯ ಊಟವಾದ ಮೇಲೆ ಊಟದ ಮೇಜನ್ನೇ ಬರಿದುಮಾಡಿ ಇದನ್ನು ಆಡುತ್ತಿದ್ದರು. ಚೆಂಡು ಪುಟಿಯುವ ಸದ್ದನ್ನು ಅನುಕರಿಸಿ ಹುಟ್ಟಿದ ಪಿಂಗ್‌ಪಾಂಗ್ ಎಂಬ ಹೆಸರನ್ನು ವ್ಯಾಪಾರಿಗಳು ತಮ್ಮ ಮುದ್ರೆಯನ್ನಾಗಿ ಮಾಡಿಕೊಂಡುದರಿಂದ, ಆಟದ ಸಂಘಗಳಲ್ಲಿ ಟೇಬಲ್ ಟೆನಿಸ್ ಎಂಬ ಹೆಸರು ನಿಂತಿತು. ೧೯೨೬ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ಸ್ಥಾಪಿತವಾಗಿ ಅದೇ ವರ್ಷ ಲಂಡನ್ನಿನಲ್ಲಿ ಮೊದಲ ವಿಶ್ವಸ್ಪರ್ಧೆ ನಡೆಯಿತು. ಅದರಲ್ಲಿ ಭಾರತದವರೂ ಆಡಿದರು. ೧೯೫೨ರಲ್ಲಿ ಆ ಸ್ಪರ್ಧೆಯು ಏಷ್ಯಾ ಖಂಡಕ್ಕೆ ಮೊದಲು ಬಂದುದು ನಮ್ಮ ಮುಂಬಯಿಗೆ. ಜಪಾನಿನ ಹಿರೋಜಿ ಸಾಟೋ ಎಂಬವರು ದಪ್ಪ ಸ್ಪಂಜನ್ನು ಅಂಟಿಸಿದ ಬ್ಯಾಟನ್ನು ಹಿಡಿದು ಬಂದು, ಎದುರಾಳಿಗಳ ಕಿವಿಗೆ ಚೆಂಡಿನ ಸದ್ದೇ ಸರಿಯಾಗಿ ಕೇಳಿಸದಂತೆ ಮಾಡಿ ಗೆದ್ದರು. ೧೯೮೮ರಲ್ಲಿ ಸೋಲ್ ನಗರದಲ್ಲಿ ಆಟವು ಒಲಿಂಪಿಕ್ಸನ್ನು ಸೇರಿತು. ೨೦೨೪ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಎಂಟರ ಘಟ್ಟಕ್ಕೆ ಏರಿದ ಭಾರತದ ಮಹಿಳೆಯರ ತಂಡದಲ್ಲಿ ಬೆಂಗಳೂರಿನ ಅರ್ಚನಾ ಕಾಮತ್ ಇದ್ದರು.

ಬಡಾವಣೆಯ ಜನಕ್ಕೆ ಈ ಆಟವೇ ಏಕೆಂದರೆ, ಮೊಮ್ಮಗನೂ ಅಜ್ಜನೂ ಒಂದೇ ಕಡೆ ನಿಂತು ಆಡಬಹುದಾದ ಆಟಗಳು ವಿರಳ. ಇಲ್ಲಿ ಚೆಂಡಿನ ತೂಕ ೨.೭ ಗ್ರಾಮ್ ಮಾತ್ರ. ತೋಳಿನ ಬಲಕ್ಕಿಂತ ಕಣ್ಣಿನ ಎಚ್ಚರವೂ ಮಣಿಕಟ್ಟಿನ ಹದವೂ ಮುಖ್ಯ. ಬಿಸಿಲಿಲ್ಲ, ಮಳೆಯಿಲ್ಲ. ೪೦ ವಯಸ್ಸು ದಾಟಿದವರ ವಿಶ್ವಸ್ಪರ್ಧೆಯು ೧೯೮೨ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಆರಂಭವಾಯಿತು. ಗುಜರಾತಿನ ಭಾವಿನಾ ಪಟೇಲರು ಗಾಲಿಕುರ್ಚಿಯಲ್ಲಿ ಕುಳಿತೇ ಆಡಿ, ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಪ್ಯಾರಾಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕವನ್ನು ಪಡೆದರು. ಆದರೂ ಎದೆನೋವು, ಮಂಡಿನೋವು, ತಲೆಸುತ್ತು ಇರುವವರು ವೈದ್ಯರನ್ನು ಕೇಳದೆ ಬ್ಯಾಟು ಹಿಡಿಯಕೂಡದು.

ಇನ್ನು ಸಲಕರಣೆಯ ವಿಷಯ. ಮೇಜು ಸುಮಾರು ಒಂಬತ್ತು ಅಡಿ ಉದ್ದ, ಐದು ಅಡಿ ಅಗಲ, ಎರಡೂವರೆ ಅಡಿ ಎತ್ತರ. ಬಲೆಯ ಎತ್ತರ ಆರು ಅಂಗುಲ. ಸ್ಪರ್ಧೆಯ ಅಂಕಣಕ್ಕೆ ೧೪ ಮೀಟರ್ ಉದ್ದ, ೭ ಮೀಟರ್ ಅಗಲ ಬೇಕೆಂಬ ನಿಯಮವಿದ್ದರೂ, ಮೇಜಿನ ಎರಡು ತುದಿಗಳಲ್ಲಿ ಆರಾರು ಅಡಿ, ಎರಡು ಬದಿಗಳಲ್ಲಿ ನಾಲ್ಕು ನಾಲ್ಕು ಅಡಿ ಬರಿದಾಗಿದ್ದರೆ ಗೃಹಸ್ಥರ ಆಟಕ್ಕೆ ಸಾಕು. ದೀಪವು ಮೇಜಿನ ಮೇಲೆ ಬೀಳಬೇಕು, ಆಡುವವನ ಕಣ್ಣಿಗೆ ಹೊಡೆಯಬಾರದು. ತಲೆಯ ಮೇಲಿನ ಫ್ಯಾನು ಇಷ್ಟು ಹಗುರವಾದ ಚೆಂಡನ್ನು ತಿರುಗಿಸುವುದರಿಂದ, ಸೆಕೆಯಾಗುವವರಿಗೂ ಆಡುವವರಿಗೂ ಜಗಳ ತಪ್ಪದು. ಆಟದ ಹೊತ್ತಿನಲ್ಲಿ ಅದನ್ನು ನಿಲ್ಲಿಸಿ, ಕಾಯುವವರ ಕಡೆಗೆ ಒಂದು ಗೋಡೆಯ ಫ್ಯಾನನ್ನು ತಿರುಗಿಸಿಟ್ಟರೆ ಇಬ್ಬರಿಗೂ ನ್ಯಾಯ. ನುಣುಪಾದ ಹಾಸುಗಲ್ಲಿನ ಮೇಲೆ ಹವಾಯಿ ಚಪ್ಪಲಿಯಲ್ಲಾಗಲಿ, ಬರಿಯ ಕಾಲುಚೀಲದಲ್ಲಾಗಲಿ ಆಡುವುದು ಸೊಂಟ ಮುರಿದುಕೊಳ್ಳುವ ದಾರಿ. ರಬ್ಬರಿನ ಅಟ್ಟೆಯ ಬೂಟು ಬೇಕೇ ಬೇಕು. ಗಾಲಿಗಳುಳ್ಳ ಮಡಿಸುವ ಮೇಜು ಉತ್ತಮ. ಅದರ ಒಂದು ಅರ್ಧವನ್ನು ಗೋಡೆಯಂತೆ ನಿಲ್ಲಿಸಿಕೊಂಡು ಒಬ್ಬನೇ ಅಭ್ಯಾಸ ಮಾಡಲೂ ಬರುವುದು. ಆದರೆ ಮಡಿಸುವುದು ಇಬ್ಬರು ದೊಡ್ಡವರ ಕೆಲಸ. ಮಕ್ಕಳ ಕೈಗೆ ಬಿಡಬಾರದು.

ಕಾಲೇಜಿನ ದಿನಗಳಲ್ಲಿ ಆಡಿ ಬಿಟ್ಟವರಿಗೆ ಇನ್ನೊಂದು ಸೂಚನೆ. ನಮ್ಮ ಕಾಲದಲ್ಲಿ ೨೧ ಅಂಕಗಳ ಆಟವಿತ್ತು. ಒಬ್ಬೊಬ್ಬರು ಐದೈದು ಸಾರಿ ಸರ್ವ್ ಮಾಡುತ್ತಿದ್ದೆವು. ೨೦೦೦ದಲ್ಲಿ ಚೆಂಡು ೩೮ ಮಿಲಿಮೀಟರಿನಿಂದ ೪೦ಕ್ಕೆ ಬೆಳೆಯಿತು. ೨೦೦೧ರಲ್ಲಿ ಆಟವು ೧೧ ಅಂಕಗಳಿಗೆ ಇಳಿದು, ಸರ್ವು ಎರಡೆರಡಾಯಿತು. ಇಬ್ಬರೂ ಹತ್ತಕ್ಕೆ ಬಂದರೆ ಸರ್ವು ಒಂದೊಂದೇ, ಗೆಲುವಿಗೆ ಎರಡು ಅಂಕದ ಅಂತರ ಬೇಕು. ೨೦೧೪ರಿಂದ ಬೇಗ ಬೆಂಕಿ ಹತ್ತುವ ಸೆಲ್ಯುಲಾಯ್ಡನ್ನು ಬಿಟ್ಟು ಬೇರೆ ಪ್ಲಾಸ್ಟಿಕ್ಕಿನ ಚೆಂಡು ರೂಢಿಗೆ ಬಂದಿದೆ. ಹನ್ನೊಂದರ ಆಟವು ಗೋಷ್ಠಿಗೆ ಉಪಕಾರಿಯೇ ಸರಿ. ಗೃಹಸ್ಥರ ಆಟವೊಂದು ಆರೇಳು ನಿಮಿಷದಲ್ಲಿ ಮುಗಿದು ಕಾಯುವವರ ಸರದಿ ಬೇಗ ಬರುತ್ತದೆ.

ಸಲಕರಣೆಗಳು ಇಷ್ಟಿದ್ದರೂ ಗೋಷ್ಠಿಯು ನಿಲ್ಲುವುದು ಹೊತ್ತಿನ ನಿಯಮದಿಂದ. ಗೋಷ್ಠವೆಂದರೆ ಹಸುಗಳು ನಿಲ್ಲುವ ಹಟ್ಟಿ. ಅದರಿಂದ ಹುಟ್ಟಿದ ಗೋಷ್ಠಿಯೆಂಬ ಶಬ್ದಕ್ಕೆ ಜನರ ಕೂಟವೆಂಬ ಅರ್ಥ ಬಂದಿತು. ಸಂಜೆ ಹಟ್ಟಿಗೆ ಬರುವ ಹಸುವಿಗೆ ಕರೆಯೋಲೆ ಬೇಕಿಲ್ಲ. ಹೊತ್ತು ಗೊತ್ತಿದೆ, ಜಾಗ ಗೊತ್ತಿದೆ. ಗೋಷ್ಠಿಯೂ ಹಾಗೆಯೇ ಇರಬೇಕು. ವಾರಕ್ಕೆ ಎರಡು ದಿನ ಗೊತ್ತುಮಾಡಿ, ಮಂಗಳವಾರ ಶುಕ್ರವಾರ ಸಂಜೆ ಆರೂವರೆಯಿಂದ ಎಂಟು ಎಂದು ಬಾಗಿಲಿಗೆ ಒಂದು ಹಾಳೆಯನ್ನು ಅಂಟಿಸಬೇಕು. ದಿನದಿನವೂ ಯಾರು ಬರುವಿರೆಂದು ಫೋನಿನಲ್ಲಿ ವಿಚಾರಿಸುವ ಪದ್ಧತಿಯು ನಮಗೆ ಒಪ್ಪಿಗೆಯಿಲ್ಲ. ಬರುತ್ತೇನೆಂದವರು ನಾಲ್ವರಾಗುವ ತನಕ ಎಲ್ಲರೂ ಕಾದು, ಕೊನೆಗೆ ಯಾರೂ ಹೊರಡುವುದಿಲ್ಲ. ಇಬ್ಬರೇ ಬಂದರೂ ಆಡತಕ್ಕದ್ದು. ಒಬ್ಬನೇ ಬಂದರೂ ದೀಪ ಹಚ್ಚಿ, ಅರ್ಧ ಮೇಜನ್ನು ನಿಲ್ಲಿಸಿಕೊಂಡು ಅರ್ಧ ಗಂಟೆ ಇರತಕ್ಕದ್ದು. ಬಾಗಿಲು ತೆರೆದಿರುವುದನ್ನು ಜನರು ಒಂದು ತಿಂಗಳು ನೋಡಿದರೆ ಎರಡನೆಯ ತಿಂಗಳು ಒಳಗೆ ಬರುವರು.

ಬೀಗದ ಕೈ ಒಬ್ಬರಲ್ಲೇ ಇರಬಾರದು. ಆ ಒಬ್ಬರು ಮಗಳ ಮನೆಗೆ ಹೋದ ವಾರವೇ ಗೋಷ್ಠಿಗೆ ಕೊನೆಯ ವಾರವಾದೀತು. ಇಬ್ಬರಲ್ಲಿ ಒಂದೊಂದು ಕೈ ಇರಲಿ. ನಾಗರಿಕ ಸಂಘದ ಸಮಿತಿಗೆ ದಿನ, ಹೊತ್ತು, ದೀಪದ ಖರ್ಚು, ಜವಾಬ್ದಾರರ ಹೆಸರು ಇವಿಷ್ಟನ್ನು ಬರೆದು ಕೊಟ್ಟು ಬರಹದಲ್ಲಿಯೇ ಒಪ್ಪಿಗೆ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆ ಸಮಿತಿ ಬದಲಾದೊಡನೆ ಕರಗುವುದು. ಮದುವೆಗಳಿಂದ ಬರುವ ಬಾಡಿಗೆಯೇ ಭವನಕ್ಕೆ ಆಧಾರವಾದುದರಿಂದ, ಮುಹೂರ್ತದ ದಿನಗಳಲ್ಲಿ ಮೇಜು ಮೂಲೆ ಸೇರುವುದು ಅನಿವಾರ್ಯ. ಅಂಥ ಸಂಜೆ ಆಟವಿಲ್ಲದಿದ್ದರೂ ಭವನದ ಹೊರಗಿನ ಕಟ್ಟೆಯ ಮೇಲೆ ಅರ್ಧ ಗಂಟೆ ಕೂಡಿ ಕುಳಿತು ಹೋಗುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ.

ಈಗ ನಮ್ಮ ಬಡಾವಣೆಯ ಗೋಷ್ಠಿಯು ಮೊದಲ ಸಾರಿ ಏಕೆ ಮುರಿಯಿತೆಂಬುದನ್ನು ಹೇಳಬೇಕು. ರಿಬ್ಬನ್ನು ಕತ್ತರಿಸಿ, ಭಾಷಣ ಮಾಡಿ, ಮೊದಲ ದಿನ ಇಪ್ಪತ್ತು ಮಂದಿ ಸೇರಿದ್ದರು. ಎಲ್ಲ ಕಡೆಯಂತೆ ಇಲ್ಲಿಯೂ ಗೆದ್ದವನು ನಿಲ್ಲಬೇಕು, ಸೋತವನು ಇಳಿಯಬೇಕೆಂಬ ಕ್ರಮವಿತ್ತು. ಶಾಲೆಯ ತಂಡದಲ್ಲಿ ಆಡಿದ್ದ ನಾಲ್ವರು ಹುಡುಗರು ಮೇಜನ್ನು ಬಿಟ್ಟಿಳಿಯುವ ಸಂದರ್ಭವೇ ಬರಲಿಲ್ಲ. ಅವರದೇನೂ ತಪ್ಪಿಲ್ಲ, ಕ್ರಮವೇ ಹಾಗಿತ್ತು. ಹೊಸಬರು ಅರ್ಧ ಗಂಟೆ ಕಾದು, ನಾಲ್ಕು ನಿಮಿಷದಲ್ಲಿ ಸೋತು, ಮತ್ತೆ ಬೆಂಚನ್ನು ಸೇರುತ್ತಿದ್ದರು. ಮೂರು ತಿಂಗಳಲ್ಲಿ ಬೆಂಚು ಬರಿದಾಯಿತು. ಎದುರಾಳಿಗಳಿಲ್ಲದೆ ಹುಡುಗರಿಗೂ ಬೇಸರವಾಗಿ ಮೇಜೂ ಬರಿದಾಯಿತು. ಮರುವರ್ಷ ಸಂಘದ ಸಭೆಯಲ್ಲಿ ಈ ಮಾತು ಬಂದಾಗ, ಕಾಲೇಜಿನಲ್ಲಿ ಚೆನ್ನಾಗಿ ಆಡುತ್ತಿದ್ದ ಗೃಹಿಣಿಯೊಬ್ಬರು ಎದ್ದು, "ಮೇಷ್ಟ್ರೇ, ನಾಲ್ಕು ನಿಮಿಷ ಆಡೋದಕ್ಕೆ ಅರ್ಧ ಗಂಟೆ ಕೂತಿರಬೇಕಾದರೆ ಒಲೆಯ ಮೇಲಿನ ಹಾಲನ್ನು ಬಿಟ್ಟು ನಾನು ಯಾಕೆ ಬರಲಿ?" ಎಂದು ಕೇಳಿದರು. ಸಭೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಆ ಪ್ರಶ್ನೆಯಿಂದಲೇ ಈಗಿನ ಕ್ರಮವು ಹುಟ್ಟಿತು. ಬಂದವರು ಬಂದ ಹಾಗೆ ಪುಸ್ತಕದಲ್ಲಿ ಹೆಸರು ಬರೆಯುವರು. ಆರು ಮಂದಿಗಿಂತ ಹೆಚ್ಚಾದರೆ ಸಿಂಗಲ್ಸ್ ಇಲ್ಲ. ಇಬ್ಬಿಬ್ಬರು ಕೂಡಿ ಆಡುವ ಡಬಲ್ಸ್ ಮಾತ್ರ. ಆಟ ಮುಗಿದೊಡನೆ ಗೆದ್ದವರೂ ಸೋತವರೂ ನಾಲ್ವರೂ ಇಳಿಯುವರು. ಮುಂದಿನ ನಾಲ್ವರು ಏರುವರು. ಎಂಟು ಮಂದಿಯಿದ್ದರೆ ಒಂದು ಆಟ ಕಾಯಬೇಕು. ಹನ್ನೆರಡು ಮಂದಿಯಿದ್ದರೆ ಎರಡು. ಅದಕ್ಕಿಂತ ಹೆಚ್ಚಾದರೆ ಎರಡನೆಯ ಮೇಜಿಗಾಗಲಿ ಮೂರನೆಯ ದಿನಕ್ಕಾಗಲಿ ಯೋಚಿಸಬೇಕು.

ಡಬಲ್ಸಿನಲ್ಲಿ ಒಂದು ವಿಶೇಷವುಂಟು. ಜೊತೆಗಾರರಿಬ್ಬರೂ ಚೆಂಡನ್ನು ಒಬ್ಬರಾದ ಮೇಲೆ ಒಬ್ಬರು ಹೊಡೆಯಲೇಬೇಕೆಂಬುದು ಆಟದ ನಿಯಮ. ಬಲವುಳ್ಳವನು ಮುನ್ನುಗ್ಗಿ ಎಲ್ಲ ಚೆಂಡುಗಳನ್ನೂ ತಾನೇ ಹೊಡೆದು, ಜೊತೆಗಾರನನ್ನು ಕಂಬದಂತೆ ನಿಲ್ಲಿಸಲು ಬಾರದು. ಗೆಲ್ಲಬೇಕಾದರೆ ತನ್ನ ಜೊತೆಗಾರನಿಗೆ ಸುಲಭವಾಗುವಂಥ ಚೆಂಡು ಮರಳಿ ಬರುವ ಹಾಗೆ ಆಡಬೇಕು. ಕುರುಡನ ಹೆಗಲ ಮೇಲೆ ಕುಂಟನು ಕುಳಿತು ಇಬ್ಬರೂ ದಾರಿ ಸವೆಸಿದರೆಂಬ ಅಂಧಪಂಗುನ್ಯಾಯವನ್ನು ನಾವು ತರಗತಿಯಲ್ಲಿ ಎಷ್ಟೋ ಸಾರಿ ವಿವರಿಸಿದ್ದೆವು. ಅದಕ್ಕೆ ಇಷ್ಟು ಒಳ್ಳೆಯ ನಿದರ್ಶನವು ಆಗ ನಮ್ಮ ಕೈಗೆ ಸಿಕ್ಕಿರಲಿಲ್ಲ. ಶಾಲಾ ತಂಡದ ಹುಡುಗನನ್ನು ಅರವತ್ತೈದರ ಅಮ್ಮನವರೊಡನೆ ಜೋಡಿಸಿದರೆ, ಎರಡು ವಾರದಲ್ಲಿ ಹುಡುಗನು ತಾಳ್ಮೆಯನ್ನೂ ಅಮ್ಮನವರು ಸರ್ವನ್ನೂ ಕಲಿಯುತ್ತಾರೆ.

ಕಾಯುವವರ ಮೇಲೆ ದಯೆಯಿರಬೇಕೆಂಬುದು ಆಟದ ಶಾಸ್ತ್ರದಲ್ಲಿಯೇ ಉಂಟು. ೧೯೩೬ರಲ್ಲಿ ಪ್ರಾಗ್ ನಗರದ ವಿಶ್ವಸ್ಪರ್ಧೆಯಲ್ಲಿ ಎರ್ಲಿಕ್, ಪಾನೆತ್ ಎಂಬಿಬ್ಬರು ಮೊದಲ ಒಂದು ಅಂಕಕ್ಕಾಗಿಯೇ ಎರಡು ಗಂಟೆಗೂ ಹೆಚ್ಚು ಕಾಲ ಚೆಂಡನ್ನು ತಳ್ಳಾಡಿದರು. ಇಂಥ ಆಟಗಳ ಫಲವಾಗಿ ಕಾಲದ ಮಿತಿ ಬಂದಿತು. ಈಗ ಹತ್ತು ನಿಮಿಷ ಆಡಿಯೂ ಇಬ್ಬರ ಅಂಕಗಳು ಸೇರಿ ೧೮ ಆಗದಿದ್ದರೆ, ಆಮೇಲೆ ಸರ್ವು ಒಂದೊಂದೇ ಬದಲಾಗುವುದು. ಎದುರಿನವನು ೧೩ ಸಾರಿ ಸರಿಯಾಗಿ ಮರಳಿಸಿದರೆ ಅಂಕವು ಅವನದು. ನಮ್ಮ ಹಿರಿಯರಲ್ಲಿಯೂ ತಳ್ಳಾಡುವ ಶೂರರು ಇಬ್ಬರಿದ್ದಾರೆ. ಈ ನಿಯಮವನ್ನು ಬರೆದು ಗೋಡೆಗೆ ಹಚ್ಚಿದ್ದೇವೆ.

ಹೆಂಗಸರು ಬರುವುದಿಲ್ಲವೆಂದು ದೂರುವ ಗೃಹಸ್ಥರಿಗೆ ಒಂದು ಮಾತು. ಸಂಜೆ ಆರೂವರೆಯಿಂದ ಎಂಟು ಗಂಟೆ ನಮ್ಮ ಮನೆಗಳಲ್ಲಿ ಅಡಿಗೆಯ ಹೊತ್ತು, ಮಕ್ಕಳ ಪಾಠದ ಹೊತ್ತು. ಭವನದ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟು, ಅಡಿಗೆಮನೆಯ ಬಾಗಿಲನ್ನು ಒಬ್ಬರಿಗೆ ಮುಚ್ಚಿಟ್ಟರೆ ಆಹ್ವಾನಕ್ಕೆ ಅರ್ಥವೇನು? ವಾರಕ್ಕೆ ಒಂದು ಸಂಜೆ ಅನ್ನಕ್ಕಿಟ್ಟು ಸಾರು ಕುದಿಸುವುದು ಗಂಡಸರಿಗೆ ಅಸಾಧ್ಯವಲ್ಲ. ನಮ್ಮಲ್ಲಿ ಮಂಗಳವಾರ ಗಂಡಂದಿರೂ ಶುಕ್ರವಾರ ಹೆಂಡಂದಿರೂ ಬರುವ ಮನೆಗಳು ಕೆಲವುಂಟು. ಎರಡು ದಿನವೂ ಇಬ್ಬರೂ ಬರುವ ಮನೆಗಳೂ ಉಂಟು, ಅವರು ಮಧ್ಯಾಹ್ನದ ಹುಳಿಯನ್ನೇ ಬಿಸಿಮಾಡಿ ಉಣ್ಣುತ್ತಾರೆ. ಯಾರ ಆರೋಗ್ಯವೂ ಕೆಟ್ಟಿಲ್ಲ.

ನಿತ್ಯವಿಧಿಯ ನಿಜವಾದ ಪ್ರಯೋಜನವನ್ನು ನಾವು ಕಂಡದ್ದು ಇನ್ನೊಂದು ಕಡೆಯಿಂದ. ನಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು, ಪತ್ನಿ ತೀರಿಕೊಂಡ ಮೇಲೆ ಒಂಟಿಯಾಗಿ, ಹಾಲು ತರುವುದೊಂದನ್ನು ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದ್ದರು. ಮಕ್ಕಳು ಪರದೇಶದಲ್ಲಿ. ಆಟ ಬಾರದೆಂದು ಅವರು ಮೊದಲು ಅಂಕ ಎಣಿಸಲು ಬಂದು ಕುಳಿತರು. ಒಂದು ಸಂಜೆ ಡಬಲ್ಸಿಗೆ ಒಬ್ಬರು ಕಡಿಮೆಯಾದುದರಿಂದ ಬ್ಯಾಟು ಹಿಡಿದರು. ವರ್ಷ ಕಳೆಯುವುದರೊಳಗೆ ಎರಡನೆಯ ಬೀಗದ ಕೈ ಅವರಲ್ಲಿತ್ತು. ಕಳೆದ ಮಳೆಗಾಲದ ಒಂದು ಮಂಗಳವಾರ ಆರೂಮುಕ್ಕಾಲಾದರೂ ಅವರು ಬರಲಿಲ್ಲ. ಏಳಕ್ಕೆ ಹುಡುಗನೊಬ್ಬನು ಅವರ ಮನೆಗೆ ಓಡಿದನು. ಹಿಂದಿನ ರಾತ್ರಿಯಿಂದ ಜ್ವರ ಬಂದು, ಎದ್ದು ನೀರು ಕುಡಿಯುವ ಶಕ್ತಿಯೂ ಇಲ್ಲದೆ ಮಲಗಿದ್ದರು. ಏಳೂವರೆಗೆ ವೈದ್ಯರ ಬಳಿಯಲ್ಲಿದ್ದರು. ಅದೇ ಜ್ವರವು ಗೋಷ್ಠಿಯಿಲ್ಲದ ವರ್ಷ ಬಂದಿದ್ದರೆ, ಹಾಲಿನವನು ಲೆಕ್ಕ ಕೇಳಲು ಬರುವ ತನಕ ಯಾರಿಗೂ ತಿಳಿಯುತ್ತಿರಲಿಲ್ಲ.

ನಿತ್ಯಕರ್ಮವನ್ನು ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವುಂಟು, ಅಂದರೆ ದೋಷವುಂಟು ಎಂದು ಮೀಮಾಂಸಕರು ಹೇಳುವರು. ವಿದ್ಯಾರ್ಥಿದೆಸೆಯಲ್ಲಿ ಇದು ನಮಗೆ ಶುಷ್ಕವಾದ ಮಾತಾಗಿ ತೋರುತ್ತಿತ್ತು. ಈಗ ಇದರಲ್ಲಿ ಒಂದು ಲೌಕಿಕವಾದ ಜಾಣ್ಮೆಯೂ ಅಡಗಿದೆಯೆಂದು ತೋರುತ್ತದೆ. ನೈಮಿತ್ತಿಕಕ್ಕೆ ಬಾರದವರನ್ನು ಯಾರೂ ಹುಡುಕುವುದಿಲ್ಲ. ನಿತ್ಯಕ್ಕೆ ಬಾರದವರನ್ನು ಹುಡುಕಿಕೊಂಡು ಹೋಗುವರು.

ಹಣದ ವಿಷಯವು ಚಿಕ್ಕದು. ಚೆಂಡು ಒಡೆಯುತ್ತದೆ, ಬಲ್ಬು ಹೋಗುತ್ತದೆ, ಬ್ಯಾಟಿನ ರಬ್ಬರು ಸವೆಯುತ್ತದೆ. ಇದಕ್ಕೆ ತಿಂಗಳಿಗೊಂದು ಸಣ್ಣ ಚಂದಾ ಸಾಕು. ಲೆಕ್ಕದ ಪುಸ್ತಕವು ಗೋಡೆಯ ಮೊಳೆಗೆ ತೂಗಿರಲಿ. ಬಿರುಕುಬಿಟ್ಟ ಚೆಂಡಿನ ಸದ್ದು ಒಡಕಾಗಿರುವುದು. ಅದನ್ನು ಒಡನೆ ಬದಲಾಯಿಸಬೇಕು. ಬ್ಯಾಟನ್ನು ಒದ್ದೆಯ ಬಟ್ಟೆಯಿಂದ ಒರಸಿಡಬೇಕು. ಬೆಳ್ಳಿಯ ಬಟ್ಟಲಿಗೂ ಬ್ಯಾನರಿಗೂ ಈ ಹಣದಿಂದ ತೆಗೆಯಬಾರದು. ವರ್ಷಕ್ಕೊಂದು ಪಂದ್ಯ ನಡೆದರೆ ನಡೆಯಲಿ. ಆದರೆ ಪಂದ್ಯದ ಮರುವಾರವೂ ಮಂಗಳವಾರ ಆರೂವರೆಗೆ ಬಾಗಿಲು ತೆರೆಯಬೇಕು. ಗೋಷ್ಠಿಯು ಕಾಮ್ಯವೋ ನಿತ್ಯವೋ ಎಂಬುದನ್ನು ಆ ದಿನ ನೋಡಿ ತಿಳಿಯಬಹುದು.

ನಮ್ಮ ವಾಚಕರಲ್ಲಿ ಅನೇಕರ ಬಡಾವಣೆಗಳಲ್ಲಿ ಇಂಥ ಮೇಜು ಇದ್ದೇ ಇರುವುದು. ಮೊದಲು ಅದರ ಮೇಲಿನ ಜಮಖಾನೆಗಳನ್ನು ಇಳಿಸಿರಿ. ನೆರೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು, ಎರಡು ದಿನಗಳನ್ನು ಗೊತ್ತುಮಾಡಿ, ಎರಡು ಬೀಗದ ಕೈ ಮಾಡಿಸಿರಿ. ಮೂರನೆಯವರು ತಾವಾಗಿ ಬರುವರು. ಅವರಿಗೆ ಆಟ ಬಾರದಿದ್ದರೆ ಅಂಕ ಎಣಿಸಲು ಹೇಳಿರಿ.